ನೀರಿನಲ್ಲಿಲ್ಲದ ವಿಷ ಹಕ್ಕಿಯ ಮೈಯಲ್ಲಿ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ನಗರದ ಉತ್ತರಕ್ಕೆ, ಬೆಟ್ಟಗಳ ನಡುವೆ ಕ್ಲಿಯರ್ ಲೇಕ್ ಎಂಬ ದೊಡ್ಡ ಸರೋವರವಿದೆ. ಗಾಳ ಹಾಕಿ ಮೀನು ಹಿಡಿಯುವ ಹವ್ಯಾಸದವರಿಗೆ ಅದು ಅಚ್ಚುಮೆಚ್ಚಿನ ತಾಣ. ಆದರೆ ಅಲ್ಲೊಂದು ನುಸಿಯ ಕಾಟವಿತ್ತು. ನೋಡಲು ಸೊಳ್ಳೆಯಂತಿದ್ದರೂ ಈ ನುಸಿ ಕಚ್ಚುವುದಿಲ್ಲ, ರಕ್ತ ಹೀರುವುದಿಲ್ಲ, ಯಾವ ರೋಗವನ್ನೂ ಹರಡುವುದಿಲ್ಲ. ಬೇಸಿಗೆಯ ಸಂಜೆ ದೀಪ ಹಚ್ಚಿದರೆ ಲಕ್ಷಗಟ್ಟಲೆ ಬಂದು ಮುತ್ತಿಕೊಳ್ಳುತ್ತಿತ್ತು, ಅಷ್ಟೆ. ದಡದಲ್ಲಿ ಮನೆ ಮಾಡಿಕೊಂಡವರಿಗೂ ಪ್ರವಾಸಿಗರಿಗೂ ಅದೇ ಸಹಿಸಲಾಗದ ಕಿರಿಕಿರಿ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಹೊಸ ಕೀಟನಾಶಕಗಳು ಕೈಗೆ ಬಂದವು. ಡಿಡಿಟಿಯ ಹತ್ತಿರದ ಸಂಬಂಧಿಯಾದ ಡಿಡಿಡಿ ಎಂಬ ರಾಸಾಯನಿಕವನ್ನು ಸರೋವರಕ್ಕೆ ಆರಿಸಲಾಯಿತು, ಏಕೆಂದರೆ ಮೀನುಗಳಿಗೆ ಅದರಿಂದ ಅಪಾಯ ಕಡಿಮೆ ಎಂಬ ನಂಬಿಕೆಯಿತ್ತು. ಯೋಜನೆ ಮಾಡಿದವರು ಅಜಾಗರೂಕರಲ್ಲ. ಸರೋವರದ ಅಳತೆ ತೆಗೆದರು, ನೀರಿನ ಲೆಕ್ಕ ಹಾಕಿದರು. 1949ರಲ್ಲಿ ಏಳು ಕೋಟಿ ಪಾಲು ನೀರಿಗೆ ಒಂದು ಪಾಲಿನ ಲೆಕ್ಕದಲ್ಲಿ ಔಷಧಿ ಬೆರೆಸಿದರು. ನುಸಿಗಳು ಬಹುತೇಕ ಸತ್ತವು. ಕೆಲವು ವರ್ಷಗಳಲ್ಲಿ ಮತ್ತೆ ಹೆಚ್ಚಿದಾಗ 1954ರಲ್ಲೊಮ್ಮೆ, 1957ರಲ್ಲಿ ಇನ್ನೊಮ್ಮೆ, ಐದು ಕೋಟಿಗೆ ಒಂದು ಪಾಲಿನಂತೆ ಸುರಿದರು. ಆಗಲೂ ಅದು ಹತ್ತು ಲಕ್ಷ ಪಾಲಿನಲ್ಲಿ ಬರೀ 0.02 ಪಾಲು, ಅಂದರೆ 0.02 ಪಿಪಿಎಂ. ಇಷ್ಟು ತೆಳುವಾದ ವಿಷದಿಂದ ಯಾರಿಗೆ ಏನಾದೀತು ಎಂದೇ ಎಲ್ಲರೂ ಭಾವಿಸಿದ್ದರು.

ಆ ಸರೋವರದಲ್ಲಿ ವೆಸ್ಟರ್ನ್ ಗ್ರೀಬ್ ಎಂಬ ನೀರುಹಕ್ಕಿ ಗೂಡು ಕಟ್ಟುತ್ತಿತ್ತು. ನಮ್ಮ ಕೆರೆಗಳ ಗುಳುಮುಳುಕನ ಬಳಗದ್ದೇ, ಆದರೆ ಗಾತ್ರದಲ್ಲಿ ದೊಡ್ಡದು. ನೀಳವಾದ ಬಿಳಿ ಕುತ್ತಿಗೆ, ಕೆಂಪು ಕಣ್ಣು, ನೀರಿನ ಮೇಲೆಯೇ ತೇಲುವ ಗೂಡು. ಮರಿಗಳು ಅಪ್ಪ ಅಮ್ಮನ ಬೆನ್ನೇರಿ ಸವಾರಿ ಮಾಡುತ್ತವೆ. ಇದರ ಮುಖ್ಯ ಆಹಾರ ಮೀನು. ಎರಡನೇ ಸಲ ಔಷಧಿ ಹಾಕಿದ ಬಳಿಕದ ಚಳಿಗಾಲದಲ್ಲಿ ನೂರಕ್ಕೂ ಹೆಚ್ಚು ಗ್ರೀಬ್‌ಗಳು ಸತ್ತವು. ಸೋಂಕು ಇರಬಹುದೆಂದು ಪರೀಕ್ಷಿಸಿದರೆ ಯಾವ ರೋಗಾಣುವೂ ಸಿಗಲಿಲ್ಲ. ಮೂರನೇ ಸಲದ ನಂತರ ಮತ್ತೆ ಹಕ್ಕಿಗಳು ಸತ್ತವು. ಆಗ ಅವುಗಳ ಕೊಬ್ಬನ್ನು ಪರೀಕ್ಷಿಸಿ ನೋಡುವ ಯೋಚನೆ ಬಂತು. ಸಿಕ್ಕಿದ ಡಿಡಿಡಿ ಪ್ರಮಾಣ 1,600 ಪಿಪಿಎಂ. ನೀರಿಗೆ ಹಾಕಿದ್ದಕ್ಕಿಂತ 80,000 ಪಟ್ಟು ಹೆಚ್ಚು!

ಕ್ಯಾಲಿಫೋರ್ನಿಯಾದ ಮೀನುಗಾರಿಕೆ ಮತ್ತು ವನ್ಯಜೀವಿ ಇಲಾಖೆಯ ಹಂಟ್ ಮತ್ತು ಬಿಷಫ್ ಎಂಬ ವಿಜ್ಞಾನಿಗಳು ಇದರ ಜಾಡು ಹಿಡಿದು 1960ರಲ್ಲಿ ವರದಿ ಪ್ರಕಟಿಸಿದರು. ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳಾದ ಪ್ಲವಕಗಳಲ್ಲಿ ಸುಮಾರು 5 ಪಿಪಿಎಂ. ಅವನ್ನೂ ಜಲಸಸ್ಯಗಳನ್ನೂ ತಿನ್ನುವ ಮೀನುಗಳಲ್ಲಿ 40ರಿಂದ 300. ಮೀನನ್ನೇ ತಿನ್ನುವ ಮೀನುಗಳಲ್ಲಿ ಇನ್ನೂ ಹೆಚ್ಚು; ಬುಲ್‌ಹೆಡ್ ಎಂಬ ಮೀಸೆಮೀನಿನ ಕೊಬ್ಬಿನಲ್ಲಂತೂ 2,500ರವರೆಗೆ. ಕೊನೆಯ ಸಿಂಪಡಣೆಯಾದ ಸ್ವಲ್ಪ ಕಾಲದಲ್ಲೇ ನೀರನ್ನು ಪರೀಕ್ಷಿಸಿದರೆ ಡಿಡಿಡಿಯ ಸುಳಿವೇ ಇರಲಿಲ್ಲ. ನೀರು ಶುದ್ಧ ಎಂದು ಪ್ರಮಾಣಪತ್ರ ಕೊಡಬಹುದಿತ್ತು. ಆದರೆ ವಿಷ ಸರೋವರ ಬಿಟ್ಟು ಹೋಗಿರಲಿಲ್ಲ, ಜೀವಿಗಳೊಳಗೆ ಸೇರಿಕೊಂಡಿತ್ತು. 23 ತಿಂಗಳ ನಂತರವೂ ಪ್ಲವಕಗಳಲ್ಲಿ ಅದು 5 ಪಿಪಿಎಂಗಿಂತ ಕೆಳಗಿಳಿದಿರಲಿಲ್ಲ. ಮೊದಲು ಸಾವಿರ ಜೋಡಿ ಗ್ರೀಬ್‌ಗಳಿದ್ದ ಸರೋವರದಲ್ಲಿ 1960ರ ಹೊತ್ತಿಗೆ ಉಳಿದದ್ದು ಸುಮಾರು 30 ಜೋಡಿ. ಅವುಗಳ ಬೆನ್ನ ಮೇಲೆ ಒಂದು ಮರಿಯೂ ಕಾಣಲಿಲ್ಲ.

1962ರಲ್ಲಿ ರೇಚೆಲ್ ಕಾರ್ಸನ್ ತಮ್ಮ ‘ಸೈಲೆಂಟ್ ಸ್ಪ್ರಿಂಗ್’ ಪುಸ್ತಕದಲ್ಲಿ ಈ ಸರೋವರದ ಕಥೆ ಹೇಳಿದ ಮೇಲೆ ಅದು ಲೋಕಕ್ಕೆಲ್ಲ ಗೊತ್ತಾಯಿತು. ಆರು ದಶಕ ಕಳೆದರೂ ಅದರ ಪಾಠವನ್ನು ನಾವು ಪೂರ್ತಿ ಕಲಿತಿಲ್ಲ. ಇಂದಿಗೂ ಯಾವುದೇ ರಾಸಾಯನಿಕದ ಮಾತು ಬಂದರೆ ಮೊದಲು ಕೇಳುವುದು ‘ಎಷ್ಟು ಹಾಕಿದರು?’ ಎಂದು. ಅದಕ್ಕಿಂತ ಮೊದಲು ಕೇಳಬೇಕಾದದ್ದು ‘ಎಷ್ಟು ಕಾಲ ಉಳಿಯುತ್ತದೆ, ಎಲ್ಲಿಗೆ ಹೋಗಿ ಸೇರುತ್ತದೆ?’ ಎಂದು.

ಆಹಾರ ಉರಿಯುತ್ತದೆ, ವಿಷ ಉಳಿಯುತ್ತದೆ

ಇಷ್ಟು ಚೂರು ವಿಷ ಅಷ್ಟೊಂದಾಗುವುದು ಹೇಗೆ? ಇದರಲ್ಲಿ ಎರಡು ಹಂತಗಳಿವೆ. ಮೊದಲನೆಯದು ಒಂದೇ ಜೀವಿಯ ದೇಹದಲ್ಲಿ ನಡೆಯುವ ಶೇಖರಣೆ. ಇದನ್ನು ಜೈವಿಕ ಸಂಚಯನ ಎನ್ನುತ್ತಾರೆ. ಎರಡನೆಯದು ಒಂದು ಜೀವಿಯನ್ನು ಇನ್ನೊಂದು ತಿನ್ನುತ್ತ ಹೋದಂತೆ ಆಗುವ ಏರಿಕೆ, ಅಂದರೆ ಜೈವಿಕ ವರ್ಧನೆ.

ಮೊದಲನೆಯದನ್ನು ನೋಡೋಣ. ಊಟದ ಡಬ್ಬಿಯಲ್ಲಿ ಅಂಟಿದ ಉಪ್ಪು ನಲ್ಲಿ ನೀರು ಬಿಟ್ಟರೆ ಹೋಗುತ್ತದೆ, ಒಗ್ಗರಣೆಯ ಎಣ್ಣೆಜಿಡ್ಡು ಎಷ್ಟು ನೀರು ಬಿಟ್ಟರೂ ಹೋಗುವುದಿಲ್ಲ. ನಮ್ಮ ದೇಹ ಬೇಡವಾದದ್ದನ್ನು ಮುಖ್ಯವಾಗಿ ನೀರಿನ ಮೂಲಕವೇ, ಮೂತ್ರವಾಗಿ ಹೊರಗೆ ಹಾಕುತ್ತದೆ. ನೀರಿನಲ್ಲಿ ಕರಗುವ ವಸ್ತು ಬಂದ ಹಾಗೆ ಹೊರಟುಹೋಗುತ್ತದೆ. ಕೊಬ್ಬಿನಲ್ಲಿ ಕರಗುವ ವಸ್ತುವನ್ನು ಹೊರಗೆ ಹಾಕಬೇಕಾದರೆ ಪಿತ್ತಜನಕಾಂಗ ಮೊದಲು ಅದನ್ನು ಒಡೆದು ನೀರಿನಲ್ಲಿ ಕರಗುವ ರೂಪಕ್ಕೆ ತರಬೇಕು. ಡಿಡಿಟಿ, ಡಿಡಿಡಿಯಂಥ ಅಣುಗಳಲ್ಲಿ ಇಂಗಾಲಕ್ಕೆ ಕ್ಲೋರಿನ್ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಇವನ್ನು ಒಡೆಯುವುದು ಪ್ರಾಣಿಗಳ ದೇಹಕ್ಕೂ ಕಷ್ಟ, ಮಣ್ಣಿನ ಬ್ಯಾಕ್ಟೀರಿಯಾಗಳಿಗೂ ಕಷ್ಟ. ಹೀಗಾಗಿ ಅವು ಕೊಬ್ಬಿನಲ್ಲಿ ಹೋಗಿ ಕೂರುತ್ತವೆ.

ಯಾವ ವಸ್ತು ಹೀಗೆ ಕೊಬ್ಬನ್ನು ಹುಡುಕಿಕೊಂಡು ಹೋಗುತ್ತದೆ ಎಂದು ತಿಳಿಯಲು ರಸಾಯನಶಾಸ್ತ್ರಜ್ಞರ ಬಳಿ ಸರಳ ಪರೀಕ್ಷೆಯೊಂದಿದೆ. ಒಂದು ಸೀಸೆಯಲ್ಲಿ ನೀರು ಮತ್ತು ಆಕ್ಟನಾಲ್ ಎಂಬ ಎಣ್ಣೆಯಂಥ ದ್ರವವನ್ನು ಹಾಕುತ್ತಾರೆ. ಎರಡೂ ಬೆರೆಯುವುದಿಲ್ಲ, ಆಕ್ಟನಾಲ್ ಮೇಲೆ ತೇಲುತ್ತದೆ. ಪರೀಕ್ಷಿಸಬೇಕಾದ ರಾಸಾಯನಿಕವನ್ನು ಅದಕ್ಕೆ ಸೇರಿಸಿ ಕಲಕಿ, ಪದರಗಳು ಬೇರೆಯಾದ ಮೇಲೆ ಯಾವುದರಲ್ಲಿ ಎಷ್ಟಿದೆ ಎಂದು ಅಳೆಯುತ್ತಾರೆ. ಡಿಡಿಟಿಯನ್ನು ಹೀಗೆ ಅಳೆದರೆ ನೀರಿನಲ್ಲಿರುವುದಕ್ಕಿಂತ ಆಕ್ಟನಾಲ್‌ನಲ್ಲಿ ಹತ್ತು ಲಕ್ಷ ಪಟ್ಟಿಗೂ ಹೆಚ್ಚು ಇರುತ್ತದೆ. ಪ್ಲವಕ ಮತ್ತು ಮೀನಿನ ಮೈಯ ಕೊಬ್ಬು ಸರೋವರದಲ್ಲಿ ಮಾಡುವ ಕೆಲಸವೂ ಇದೇ. ಕಿವಿರುಗಳ ಮೂಲಕ ದಿನವಿಡೀ ಹರಿಯುವ ನೀರಿನಿಂದ ವಿಷವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ನೀರು ಶುದ್ಧವಾದಂತೆ ಕಂಡದ್ದು ಅದಕ್ಕೇ.

ಇನ್ನು ಎರಡನೆಯ ಹಂತ. ಒಂದು ಪ್ರಾಣಿ ತಿಂದದ್ದೆಲ್ಲ ಅದರ ಮೈಯಾಗುವುದಿಲ್ಲ. ಹೆಚ್ಚಿನ ಪಾಲು ಈಜಲು, ಹಾರಲು, ಉಸಿರಾಡಲು, ಮೈ ಬಿಸಿಯಾಗಿಡಲು ಖರ್ಚಾಗುತ್ತದೆ. ಸ್ಥೂಲವಾಗಿ ಹೇಳುವುದಾದರೆ ಹತ್ತು ಕಿಲೋ ಆಹಾರ ತಿಂದರೆ ಒಂದು ಕಿಲೋ ಮೈ ಬೆಳೆಯುತ್ತದೆ. ಉಳಿದ ಒಂಬತ್ತು ಕಿಲೋ ಇಂಗಾಲದ ಡೈಆಕ್ಸೈಡ್, ನೀರು, ಮಲವಾಗಿ ಹೊರಹೋಗುತ್ತದೆ. ಆದರೆ ಆ ಹತ್ತು ಕಿಲೋದಲ್ಲಿದ್ದ ವಿಷ ಉರಿಯುವುದಿಲ್ಲ. ಅದರ ಬಹುಪಾಲು ಹೊಸದಾಗಿ ಬೆಳೆದ ಒಂದು ಕಿಲೋದಲ್ಲೇ ಉಳಿಯುತ್ತದೆ. ಆ ಪ್ರಾಣಿಯನ್ನು ತಿಂದ ಇನ್ನೊಂದರಲ್ಲಿ ಇದೇ ಲೆಕ್ಕ ಮತ್ತೆ ನಡೆಯುತ್ತದೆ. ದ್ವಿತೀಯ ಪಿಯುಸಿ ಜೀವಶಾಸ್ತ್ರ ಪುಸ್ತಕದ ಚಿತ್ರ ಹಲವರಿಗೆ ನೆನಪಿರಬಹುದು. ನೀರಿನಲ್ಲಿ ನೂರು ಕೋಟಿಗೆ 0.003 ಪಾಲು ಇದ್ದ ಡಿಡಿಟಿ, ಪ್ಲವಕದಲ್ಲಿ 0.04 ಪಿಪಿಎಂ, ಸಣ್ಣ ಮೀನಿನಲ್ಲಿ 0.5, ದೊಡ್ಡ ಮೀನಿನಲ್ಲಿ 2, ಮೀನು ತಿನ್ನುವ ಹಕ್ಕಿಯಲ್ಲಿ 25 ಪಿಪಿಎಂ ಆಗುತ್ತದೆ. ನೀರಿನಿಂದ ಹಕ್ಕಿಗೆ ಬರುವಷ್ಟರಲ್ಲಿ ಆದ ಏರಿಕೆ 80 ಲಕ್ಷ ಪಟ್ಟಿಗೂ ಹೆಚ್ಚು. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಆ ಅಂಕಿಗಳ ಹಿಂದೆ ನಿಜವಾದ ಹಕ್ಕಿಗಳ ಸಾವಿದೆ.

ಕೊಬ್ಬಿನಲ್ಲಿ ಕೂತ ವಿಷ ಸುಮ್ಮನೆ ಇರುವುದೂ ಇಲ್ಲ. ಚಳಿಗಾಲದಲ್ಲಿ ಮೀನು ಸಿಗದಿದ್ದಾಗ, ವಲಸೆ ಹೊರಟಾಗ, ಮೊಟ್ಟೆಯಿಡುವಾಗ ಹಕ್ಕಿ ತನ್ನ ಕೊಬ್ಬನ್ನು ಕರಗಿಸಿಕೊಳ್ಳುತ್ತದೆ. ಆಗ ವರ್ಷಗಳಿಂದ ಕೂಡಿಟ್ಟದ್ದು ಒಮ್ಮೆಲೇ ರಕ್ತಕ್ಕಿಳಿದು ಮಿದುಳಿಗೆ ಹೋಗುತ್ತದೆ. ಚೆನ್ನಾಗಿದ್ದಂತೆ ಕಾಣುತ್ತಿದ್ದ ಹಕ್ಕಿ ಕಷ್ಟಕಾಲದಲ್ಲೇ ಬೀಳುತ್ತದೆ.

ಆಹಾರದ ಮೂಲಕ ಬರುವ ಎಲ್ಲ ವಿಷವೂ ಹೀಗೆ ಏರುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ನಮ್ಮ ರಾಮನಗರದ ರಣಹದ್ದುಗಳೂ ಸೇರಿದಂತೆ ಭಾರತದ ರಣಹದ್ದುಗಳ ಸಂತತಿಯನ್ನು ನಾಶ ಮಾಡಿದ ಡೈಕ್ಲೊಫೆನಾಕ್ ದನಗಳಿಗೆ ಕೊಡುತ್ತಿದ್ದ ನೋವುನಿವಾರಕ. ಅದು ದೇಹದಲ್ಲಿ ಕೆಲವೇ ದಿನ ಇರುತ್ತದೆ. ಔಷಧಿ ಕೊಟ್ಟ ಕೂಡಲೇ ಸತ್ತ ದನವನ್ನು ತಿಂದ ರಣಹದ್ದಿನ ಮೂತ್ರಪಿಂಡ ಆ ಒಂದೇ ಊಟಕ್ಕೆ ಕೆಟ್ಟುಹೋಗುತ್ತದೆ. ಅಲ್ಲಿ ಕಾರಣ ಒಂದೇ ಔಷಧಿಗೆ ಕಟ್ಟಿಹಾಕುವಂಥದ್ದಾಗಿತ್ತು, 2006ರಲ್ಲಿ ಪಶುಗಳಿಗೆ ಅದರ ಬಳಕೆ ನಿಷೇಧವಾಯಿತು. ಡಿಡಿಟಿಯ ಬಳಗದ ವಿಷಗಳು ಹಾಗಲ್ಲ. ಅವು ಕೊಡುವ ಪೆಟ್ಟು ಕಾಣುವಷ್ಟರಲ್ಲಿ ವರ್ಷಗಳು ಕಳೆದಿರುತ್ತವೆ.

ಕಾವಿಗೆ ಕೂತರೆ ಒಡೆಯುವ ಮೊಟ್ಟೆ

ಡಿಡಿಟಿಗೆ ಕೀಟ ಕೊಲ್ಲುವ ಗುಣವಿದೆಯೆಂದು 1939ರಲ್ಲಿ ಕಂಡುಹಿಡಿದ ಸ್ವಿಟ್ಜರ್ಲೆಂಡ್‌ನ ಪಾಲ್ ಮ್ಯುಲರ್‌ಗೆ 1948ರಲ್ಲಿ ನೊಬೆಲ್ ಬಹುಮಾನ ಬಂತು. ಅದು ಅನ್ಯಾಯದ ಬಹುಮಾನವಲ್ಲ. ಸ್ವಾತಂತ್ರ್ಯ ಬಂದಾಗ ಭಾರತದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು. ಮನೆಯ ಗೋಡೆಗಳಿಗೆ ಡಿಡಿಟಿ ಹೊಡೆಯುವ ಕಾರ್ಯಕ್ರಮದಿಂದ 1960ರ ದಶಕದ ಮಧ್ಯಭಾಗಕ್ಕೆ ಅದು ಸುಮಾರು 1 ಲಕ್ಷಕ್ಕೆ ಇಳಿಯಿತು. ಮಲೆನಾಡಿನ ಹಳೆಯ ತಲೆಮಾರಿನವರಿಗೆ ಆ ಬದಲಾವಣೆಯ ಬೆಲೆ ಗೊತ್ತು. ತಪ್ಪಾದದ್ದು ಗೋಡೆಯ ಮೇಲಲ್ಲ. ಹೊಲ, ಕಾಡು, ಕೆರೆ, ಜೌಗುಗಳ ಮೇಲೆ ಟನ್ನುಗಟ್ಟಲೆ ಸುರಿದಾಗ.

ಬ್ರಿಟನ್ನಿನ ಡೆರೆಕ್ ರ್‍ಯಾಟ್‌ಕ್ಲಿಫ್ ಎಂಬ ಪಕ್ಷಿವಿಜ್ಞಾನಿ ಪೆರಿಗ್ರಿನ್ ಡೇಗೆಯ ಗೂಡುಗಳಲ್ಲಿ ಒಡೆದ ಮೊಟ್ಟೆಗಳನ್ನು ಕಾಣತೊಡಗಿದ್ದರು. ಅವರು ಸಂಗ್ರಹಾಲಯಗಳಲ್ಲಿ ಜೋಪಾನವಾಗಿಟ್ಟಿದ್ದ ಹಳೆಯ ಮೊಟ್ಟೆಗಳ ಚಿಪ್ಪನ್ನು ಹೊಸ ಮೊಟ್ಟೆಗಳ ಚಿಪ್ಪಿನೊಡನೆ ಹೋಲಿಸಿದರು. 1940ರ ದಶಕದ ಕೊನೆಯಿಂದ, ಅಂದರೆ ಡಿಡಿಟಿ ಬಳಕೆಗೆ ಬಂದ ಕಾಲದಿಂದ, ಚಿಪ್ಪು ತೆಳುವಾಗುತ್ತ ಬಂದಿತ್ತು. 1967ರಲ್ಲಿ ಅವರು ಇದನ್ನು ಪ್ರಕಟಿಸಿದರು. ಡಿಡಿಟಿ ದೇಹದಲ್ಲಿ ಡಿಡಿಇ ಎಂಬ ರೂಪ ತಾಳುತ್ತದೆ. ಚಿಪ್ಪು ಕಟ್ಟುವ ಗ್ರಂಥಿಗೆ ಸುಣ್ಣದ ಅಂಶ ಒದಗಿಸುವ ಕ್ರಿಯೆಗೆ ಡಿಡಿಇ ಅಡ್ಡಿ ಮಾಡುತ್ತದೆ. ತಾಯಿ ಕಾವಿಗೆ ಕೂತರೆ ಅದರ ಭಾರಕ್ಕೇ ಮೊಟ್ಟೆ ಒಡೆಯುತ್ತದೆ. ದೊಡ್ಡ ಹಕ್ಕಿ ಸಾಯುವುದಿಲ್ಲ, ಆಕಾಶದಲ್ಲಿ ಹಾರಾಡುತ್ತಲೇ ಇರುತ್ತದೆ. ಮರಿ ಮಾತ್ರ ಹುಟ್ಟುವುದಿಲ್ಲ.

ಅಮೆರಿಕದ ರಾಷ್ಟ್ರಲಾಂಛನವಾದ ಬೋಳುತಲೆ ಹದ್ದು 1963ರಲ್ಲಿ, ಅಲಾಸ್ಕ ಬಿಟ್ಟು ಉಳಿದ ಮುಖ್ಯ ಭೂಭಾಗದಲ್ಲಿ, ಕೇವಲ 417 ಜೋಡಿ ಇತ್ತು. 1972ರಲ್ಲಿ ಅಮೆರಿಕ ಡಿಡಿಟಿಯನ್ನು ನಿಷೇಧಿಸಿತು. 2007ರಲ್ಲಿ ಹದ್ದನ್ನು ಅಪಾಯದ ಪಟ್ಟಿಯಿಂದ ತೆಗೆಯುವಾಗ 9,700ಕ್ಕೂ ಹೆಚ್ಚು ಜೋಡಿಗಳಿದ್ದವು. ಮೂಲದಲ್ಲಿ ತಡೆದರೆ ಪ್ರಕೃತಿ ಚೇತರಿಸಿಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ಆದರೆ ಅದಕ್ಕೆ ಹಿಡಿದದ್ದು ಮೂವತ್ತೈದು ವರ್ಷ.

ಮಿನಾಮಾಟಾದ ತಾಯಂದಿರು

ಆಹಾರ ಸರಪಳಿಯ ತುದಿಯಲ್ಲಿ ಹಕ್ಕಿಯ ಬದಲು ಮನುಷ್ಯನೇ ಇದ್ದರೆ ಏನಾಗುತ್ತದೆ ಎಂಬುದನ್ನು ಜಪಾನಿನ ಕ್ಯೂಶು ದ್ವೀಪದ ಮಿನಾಮಾಟಾ ಊರು ತೋರಿಸಿತು. ಚಿಸ್ಸೊ ಕಂಪನಿ ಅಲ್ಲಿ 1932ರಿಂದ ಅಸಿಟಾಲ್ಡಿಹೈಡ್ ತಯಾರಿಸುತ್ತಿತ್ತು. ಅದಕ್ಕೆ ವೇಗವರ್ಧಕವಾಗಿ ಪಾದರಸ ಬಳಸುತ್ತಿದ್ದರು. ತ್ಯಾಜ್ಯ ನೇರವಾಗಿ ಕೊಲ್ಲಿಗೆ ಹೋಗುತ್ತಿತ್ತು. ಅದರಲ್ಲಿ ಮಿಥೈಲ್ ಪಾದರಸವಿತ್ತು.

ಮಿಥೈಲ್ ಪಾದರಸದ ರೀತಿ ಡಿಡಿಟಿಗಿಂತ ಬೇರೆ. ಅದು ಕೊಬ್ಬಿಗಲ್ಲ, ಮಾಂಸದ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಆದ್ದರಿಂದ ಮೀನಿನ ಚರ್ಮ, ಕೊಬ್ಬು ತೆಗೆದು ಬೇಯಿಸಿದರೂ ಹೋಗುವುದಿಲ್ಲ. ದೇಹದಲ್ಲಿ ಅದು ಸಿಸ್ಟೀನ್ ಎಂಬ ಅಮೈನೊ ಆಮ್ಲದ ಜೊತೆ ಸೇರಿದಾಗ ನಮಗೆ ಅಗತ್ಯವಾದ ಮೆಥಿಯೊನಿನ್‌ನಂತೆಯೇ ಕಾಣುತ್ತದೆ. ಮೋಸಹೋದ ದೇಹ ಅದನ್ನು ಮಿದುಳಿನೊಳಕ್ಕೂ, ಗರ್ಭದ ಮಾಸಿನ ಆಚೆಗೂ ತಾನೇ ಸಾಗಿಸುತ್ತದೆ.

ಮೀನುಗಾರರ ಕೇರಿಗಳಲ್ಲಿ ಮೊದಲು ಹುಚ್ಚೆದ್ದು ಸತ್ತದ್ದು ಬೆಕ್ಕುಗಳು. ಓಲಾಡುತ್ತ, ಗಿರಗಿರ ಸುತ್ತುತ್ತ ಸಮುದ್ರಕ್ಕೆ ಬೀಳುತ್ತಿದ್ದವು. ಕಾಗೆಗಳು ಹಾರುತ್ತಿದ್ದಂತೆಯೇ ಕೆಳಗೆ ಬೀಳುತ್ತಿದ್ದವು. 1956ರ ಏಪ್ರಿಲ್‌ನಲ್ಲಿ ಐದು ವರ್ಷದ ಹುಡುಗಿಯೊಬ್ಬಳು ನಡೆಯಲಾಗದೆ, ಮಾತನಾಡಲಾಗದೆ ಕಂಪನಿಯದೇ ಆಸ್ಪತ್ರೆಗೆ ಬಂದಳು. ಕೆಲವೇ ದಿನಗಳಲ್ಲಿ ಅವಳ ತಂಗಿಗೂ ಅದೇ ಸ್ಥಿತಿ. ಆಸ್ಪತ್ರೆಯ ಮುಖ್ಯಸ್ಥ ಡಾ. ಹಾಜಿಮೆ ಹೊಸೊಕಾವಾ ಮೇ 1ರಂದು ಆರೋಗ್ಯ ಇಲಾಖೆಗೆ ವರದಿ ಮಾಡಿದರು. ಸಾಂಕ್ರಾಮಿಕ ರೋಗವೆಂದು ಹೆದರಿದ ಊರಿನವರು ಆ ಕುಟುಂಬಗಳನ್ನು ದೂರವಿಟ್ಟರು. ಮೂರು ಹೊತ್ತೂ ಮೀನು ತಿನ್ನುವ ಬಡ ಮೀನುಗಾರರು ತಮ್ಮ ಕಾಯಿಲೆಗೆ ತಾವೇ ಅಪರಾಧಿಗಳಾದರು.

1959ರಲ್ಲಿ ಕುಮಾಮೊಟೊ ವಿಶ್ವವಿದ್ಯಾಲಯದ ಸಂಶೋಧಕರು ಸಾವಯವ ಪಾದರಸವೇ ಕಾರಣವೆಂದು ಹೇಳಿದರು. ಅದೇ ವರ್ಷ ಹೊಸೊಕಾವಾ ಕಾರ್ಖಾನೆಯ ತ್ಯಾಜ್ಯವನ್ನು ಒಂದು ಬೆಕ್ಕಿನ ಆಹಾರಕ್ಕೆ ಬೆರೆಸಿ ಕೊಟ್ಟು ನೋಡಿದರು. ದಾಖಲೆಗಳಲ್ಲಿ ಅದು 400ನೇ ನಂಬರಿನ ಬೆಕ್ಕು. ಅದಕ್ಕೂ ಅದೇ ಕಾಯಿಲೆ ಬಂತು. ಕಂಪನಿ ಆ ಫಲಿತಾಂಶವನ್ನು ಹೊರಗೆ ಬಿಡಲಿಲ್ಲ. ತ್ಯಾಜ್ಯ ಹರಿಯುವುದು 1968ರವರೆಗೂ ನಡೆಯಿತು. ಹೊಸೊಕಾವಾ 1970ರಲ್ಲಿ, ತಾವೇ ಆಸ್ಪತ್ರೆಯ ಹಾಸಿಗೆ ಹಿಡಿದಿದ್ದಾಗ, ನ್ಯಾಯಾಲಯಕ್ಕೆ ಸತ್ಯ ಹೇಳಿದರು.

ಎಲ್ಲಕ್ಕಿಂತ ದಾರುಣವಾದದ್ದು ಹುಟ್ಟುವಾಗಲೇ ಕಾಯಿಲೆ ಹೊತ್ತು ಬಂದ ಮಕ್ಕಳ ಸಂಗತಿ. ಕತ್ತು ನಿಲ್ಲದ, ನುಂಗಲಾಗದ, ಮಾತು ಬಾರದ ಈ ಮಕ್ಕಳ ತಾಯಂದಿರಲ್ಲಿ ಹಲವರಿಗೆ ಅಷ್ಟೇನೂ ಲಕ್ಷಣಗಳಿರಲಿಲ್ಲ. ತಾಯಿಯ ರಕ್ತದಲ್ಲಿರುವ ವಿಷವನ್ನು ಮಾಸು ತಡೆಯುತ್ತದೆ ಎಂದೇ ಆಗಿನ ವೈದ್ಯಶಾಸ್ತ್ರ ನಂಬಿತ್ತು. ಮಸಾಝುಮಿ ಹರಾಡಾ ಎಂಬ ಯುವ ವೈದ್ಯರು ಮನೆಮನೆಗೆ ಹೋಗಿ, ತಾಯಂದಿರ ಮಾತು ಕೇಳಿ, ಆ ನಂಬಿಕೆಯನ್ನು ಪ್ರಶ್ನಿಸಿದರು. ಜಪಾನಿನಲ್ಲಿ ಮಗುವಿನ ಹೊಕ್ಕುಳಬಳ್ಳಿಯ ತುಂಡನ್ನು ಒಣಗಿಸಿ ಪುಟ್ಟ ಪೆಟ್ಟಿಗೆಯಲ್ಲಿ ಜೋಪಾನ ಮಾಡುವ ಪದ್ಧತಿಯಿದೆ. ಆ ಒಣಬಳ್ಳಿಗಳನ್ನು ಪರೀಕ್ಷಿಸಿದಾಗ ಅವುಗಳಲ್ಲಿ ಮಿಥೈಲ್ ಪಾದರಸ ಸಿಕ್ಕಿತು. ತಾಯಿ ತಿಂದ ಮೀನಿನ ವಿಷವನ್ನು ಹೊಟ್ಟೆಯೊಳಗಿನ ಮಗು ಹೀರಿಕೊಂಡಿತ್ತು. ಆಹಾರ ಸರಪಳಿಯ ಕೊನೆಯ ಕೊಂಡಿ ತಾಯಿಯೂ ಅಲ್ಲ, ಅವಳೊಳಗಿನ ಭ್ರೂಣ.

ಕೊಲ್ಲಿಯ ತಳದ ಕೆಸರನ್ನು ಎತ್ತಿ, ಒಂದು ಭಾಗವನ್ನು ಮುಚ್ಚಿ ನೆಲ ಮಾಡುವ ಕೆಲಸ ಮುಗಿದದ್ದು 1990ರಲ್ಲಿ. ಮೀನು ಆಚೆ ಹೋಗದಂತೆ 1974ರಲ್ಲಿ ಕಟ್ಟಿದ್ದ ಬಲೆಯನ್ನು ತೆಗೆದದ್ದು 1997ರಲ್ಲಿ. ಪಾದರಸ ಕುರಿತ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಇಂದು ಆ ಊರಿನದೇ ಹೆಸರು. 2013ರಲ್ಲಿ ಅಂಗೀಕಾರವಾಗಿ 2017ರಲ್ಲಿ ಜಾರಿಗೆ ಬಂದ ಈ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿದೆ.

ಮಾಡಿದವರು ಒಬ್ಬರು, ಉಂಡವರು ಇನ್ನೊಬ್ಬರು

ಮಿನಾಮಾಟಾದಲ್ಲಿ ಕಾರ್ಖಾನೆಯ ಕೊಳವೆ ಕಣ್ಣೆದುರಿಗೇ ಇತ್ತು. ಉತ್ತರ ಧ್ರುವದ ಹತ್ತಿರದ ಇನ್ಯೂಟ್ ಜನರ ಸುತ್ತ ಕಾರ್ಖಾನೆಯೂ ಇಲ್ಲ, ಹೊಲವೂ ಇಲ್ಲ. 1980ರ ದಶಕದಲ್ಲಿ ಕೆನಡಾದ ಎರಿಕ್ ಡೆವೈಲಿ ಎಂಬ ವೈದ್ಯ ತಾಯಂದಿರ ಎದೆಹಾಲಿನಲ್ಲಿರುವ ಮಾಲಿನ್ಯವನ್ನು ಅಳೆಯುತ್ತಿದ್ದರು. ಹಿಮದ ನಾಡಿನ ಹಾಲು ಅತ್ಯಂತ ಶುದ್ಧವಾಗಿರುತ್ತದೆಂದು, ಹೋಲಿಕೆಗೆ ಬೇಕಾಗುತ್ತದೆಂದು ಇನ್ಯೂಟ್ ತಾಯಂದಿರ ಮಾದರಿಗಳನ್ನೂ ತರಿಸಿದರು. ಅವುಗಳಲ್ಲಿದ್ದ ಪಿಸಿಬಿ ಪ್ರಮಾಣ ದಕ್ಷಿಣದ ನಗರವಾಸಿ ತಾಯಂದಿರಿಗಿಂತ ಸುಮಾರು ಐದು ಪಟ್ಟು ಹೆಚ್ಚಾಗಿತ್ತು. ಪಿಸಿಬಿ ಎಂದರೆ ವಿದ್ಯುತ್ ಟ್ರಾನ್ಸ್‌ಫಾರ್ಮರ್‌ಗಳಲ್ಲಿ, ಕೆಪಾಸಿಟರ್‌ಗಳಲ್ಲಿ ಬಳಸುತ್ತಿದ್ದ ಎಣ್ಣೆಯಂಥ ರಾಸಾಯನಿಕ.

ಅಷ್ಟು ದೂರ ಅದು ಹೋದದ್ದು ಹೇಗೆ? ಈ ವಸ್ತುಗಳು ಬಿಸಿಪ್ರದೇಶಗಳಲ್ಲಿ ನಿಧಾನವಾಗಿ ಆವಿಯಾಗುತ್ತವೆ, ಗಾಳಿಯಲ್ಲಿ ಸಾಗಿ ತಂಪು ಸಿಕ್ಕಲ್ಲಿ ಇಳಿಯುತ್ತವೆ, ಮತ್ತೆ ಬಿಸಿಯಾದಾಗ ಮೇಲೇಳುತ್ತವೆ. ಹೀಗೆ ಹಂತ ಹಂತವಾಗಿ ಧ್ರುವ ಪ್ರದೇಶ ಸೇರಿ ಅಲ್ಲಿಯ ಚಳಿಯಲ್ಲಿ ನೆಲೆಯೂರುತ್ತವೆ. ಅಲ್ಲಿ ಪ್ಲವಕದಿಂದ ಮೀನಿಗೆ, ಮೀನಿನಿಂದ ಸೀಲ್‌ಗೆ, ಸೀಲ್‌ನಿಂದ ಮನುಷ್ಯನಿಗೆ ಏರುತ್ತವೆ. ಚಳಿನಾಡಿನಲ್ಲಿ ಬದುಕಬೇಕಾದರೆ ಸೀಲ್, ತಿಮಿಂಗಿಲಗಳ ಕೊಬ್ಬು ತಿನ್ನಲೇಬೇಕು. ಅದೇ ಕೊಬ್ಬಿನಲ್ಲಿ ವಿಷ ಕೂತಿದೆ. ‘ಮಾಡಿದ್ದುಣ್ಣೋ ಮಹರಾಯ’ ಎನ್ನುತ್ತೇವೆ. ಈ ವಿಷಯದಲ್ಲಿ ಗಾದೆ ನಡೆಯುವುದಿಲ್ಲ. ಲಾಭ ಮಾಡಿಕೊಂಡವರು ಯಾರೋ, ಉಂಡವರು ಹಿಮದ ನಾಡಿನ ಹಸುಗೂಸುಗಳು.

ಇದು ಲೋಕದ ಕಣ್ಣು ತೆರೆಸಿತು. 2001ರಲ್ಲಿ ಸ್ಟಾಕ್‌ಹೋಮ್ ಒಪ್ಪಂದವಾಗಿ ಡಿಡಿಟಿ, ಪಿಸಿಬಿಗಳೂ ಸೇರಿ ಹನ್ನೆರಡು ದೀರ್ಘಬಾಳಿಕೆಯ ವಿಷಗಳನ್ನು ಮೊದಲ ಪಟ್ಟಿಗೆ ಸೇರಿಸಲಾಯಿತು. ಮಲೇರಿಯಾ ನಿಯಂತ್ರಣಕ್ಕಾಗಿ ಡಿಡಿಟಿಗೆ ಸೀಮಿತ ವಿನಾಯಿತಿ ಇತ್ತು. ಭಾರತ 2006ರಲ್ಲಿ ಒಪ್ಪಂದವನ್ನು ಅನುಮೋದಿಸಿತು. ಪಟ್ಟಿ ಈಗಲೂ ಬೆಳೆಯುತ್ತಿದೆ. ಅಗ್ನಿಶಾಮಕ ನೊರೆ, ಅಂಟದ ಬಾಣಲೆ, ನೀರು ಹಿಡಿಯದ ಬಟ್ಟೆಗಳ ಉದ್ಯಮದಿಂದ ಬಂದ ಪಿಎಫ್‌ಒಎಸ್ 2009ರಲ್ಲಿ, ಪಿಎಫ್‌ಒಎ 2019ರಲ್ಲಿ ಅದಕ್ಕೆ ಸೇರಿದವು. ಇವು ಕೊಬ್ಬಿನ ಬದಲು ರಕ್ತದ ಪ್ರೋಟೀನಿಗೆ ಅಂಟುತ್ತವೆ.

ನಮ್ಮ ಗುಡ್ಡ, ನಮ್ಮ ಕಡಲು

ಕಾಸರಗೋಡಿನ ಗೇರು ತೋಟಗಳ ಮೇಲೆ 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರ್‌ನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಲಾಯಿತು. ದಕ್ಷಿಣ ಕನ್ನಡದ ಬೆಳ್ತಂಗಡಿ, ಪುತ್ತೂರು ತಾಲ್ಲೂಕುಗಳ ಗೇರು ಗುಡ್ಡಗಳ ಮೇಲೂ ಅದೇ ನಡೆಯಿತು. ಗುಡ್ಡದ ಮೇಲೆ ತೋಟ, ಕೆಳಗೆ ಮನೆ, ನಡುವೆ ಸುರಂಗ ಮತ್ತು ತೋಡಿನ ನೀರು. ಜನ ಕುಡಿಯುವುದೂ, ದನ ಕುಡಿಯುವುದೂ ಅದನ್ನೇ. ಕಾಸರಗೋಡು ಕಡೆಯ ವಾಣಿನಗರದಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಡಾ. ವೈ.ಎಸ್. ಮೋಹನಕುಮಾರ್ ಪಕ್ಕಪಕ್ಕದ ಮನೆಗಳಲ್ಲಿ ಒಂದೇ ಬಗೆಯ ನರದೌರ್ಬಲ್ಯ, ಬುದ್ಧಿಮಾಂದ್ಯ, ಅಂಗವೈಕಲ್ಯಗಳನ್ನು ಕಂಡರು. ಪತ್ರಕರ್ತ ಶ್ರೀಪಡ್ರೆ ಅದನ್ನು ಬಿಡದೆ ಬರೆದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಜ್ಞರು ಅಲ್ಲಿಯ ಶಾಲಾ ಹುಡುಗರ ರಕ್ತ ಪರೀಕ್ಷಿಸಿದಾಗ, ಸಿಂಪಡಣೆ ನಿಂತು ತಿಂಗಳುಗಳಾದ ಮೇಲೂ ಎಂಡೋಸಲ್ಫಾನ್ ಅಂಶ ಸಿಕ್ಕಿತು. 2011ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಅದು ಸೇರಿತು. ಅದೇ ವರ್ಷ ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ನೀಡಿತು.

ಯಾವ ಮಗುವಿನ ಯಾವ ಕಾಯಿಲೆಗೆ ಎಷ್ಟು ಎಂಡೋಸಲ್ಫಾನ್ ಕಾರಣ ಎಂಬ ವಾದ ಇಂದಿಗೂ ಮುಗಿದಿಲ್ಲ. ಮುಗಿಯುವುದು ಕಷ್ಟ ಕೂಡ. ಸರಪಳಿಯ ತುದಿ ಮುಟ್ಟುವಷ್ಟರಲ್ಲಿ ವಿಷ ನೀರು, ಮಣ್ಣು, ಹಾಲು, ತರಕಾರಿ ಎಲ್ಲವನ್ನೂ ಹಾದು ಬಂದಿರುತ್ತದೆ. ಕುರುಹುಗಳು ಕಲಸಿಹೋಗಿರುತ್ತವೆ. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದ ಮನೆಯೊಂದರಲ್ಲಿ ಮೂವತ್ತರ ಮಗನಿಗೆ ಇಂದಿಗೂ ತುತ್ತು ಮಾಡಿ ಉಣಿಸುವ ತಾಯಿಗೆ ‘ಸಾಕ್ಷ್ಯ ತನ್ನಿ’ ಎನ್ನುವುದು ನ್ಯಾಯವಲ್ಲ. ಸಿಂಪಡಿಸುವ ಮೊದಲೇ ಸಾಕ್ಷ್ಯ ಕೊಡಬೇಕಾದವರು ಸಿಂಪಡಿಸುವವರು.

ಪಾದರಸವೂ ನಮಗೆ ದೂರದ್ದಲ್ಲ. ಕಾರವಾರದ ಬಳಿ ಬಿಣಗಾದ ಕಾಸ್ಟಿಕ್ ಸೋಡಾ ಕಾರ್ಖಾನೆ ಒಂದು ಕಾಲದಲ್ಲಿ ಪಾದರಸ ಬಳಸುವ ವಿಧಾನದಲ್ಲಿ ನಡೆಯುತ್ತಿತ್ತು. ಅದರ ಸುತ್ತಲಿನ ಕಡಲಿನಲ್ಲಿ ಪಾದರಸದ ಅಂಶವನ್ನು ಮೀನುಗಾರಿಕಾ ವಿಜ್ಞಾನಿಗಳು ಅಧ್ಯಯನ ಮಾಡಿ 1990ರಲ್ಲಿ ಪ್ರಕಟಿಸಿದ್ದರು. ಆಮೇಲೆ ದೇಶದ ಕಾಸ್ಟಿಕ್ ಸೋಡಾ ಉದ್ಯಮ ಪಾದರಸ ಬಿಟ್ಟು ಮೆಂಬ್ರೇನ್ ತಂತ್ರಜ್ಞಾನಕ್ಕೆ ಹೊರಳಿತು. ಆದರೆ ಕಲ್ಲಿದ್ದಲಿನಲ್ಲೂ ಚೂರು ಪಾದರಸವಿದೆ. ಮನುಷ್ಯ ಗಾಳಿಗೆ ಬಿಡುವ ಪಾದರಸದಲ್ಲಿ ಸುಮಾರು ಐದನೇ ಒಂದು ಪಾಲು ಕಲ್ಲಿದ್ದಲು ಸುಡುವುದರಿಂದ ಬರುತ್ತದೆ. ಅದು ಮಳೆಯೊಡನೆ ಇಳಿದು ಕೆಸರಿಗೆ ಸೇರಿದಾಗ ಅಲ್ಲಿಯ ಬ್ಯಾಕ್ಟೀರಿಯಾಗಳೇ ಅದನ್ನು ಮಿಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ.

ಹಾಗಾದರೆ ಮೀನು ಬಿಡಬೇಕೆ? ಖಂಡಿತ ಬೇಡ. ಯಾವ ಮೀನು ಎಂಬುದು ಗೊತ್ತಿದ್ದರೆ ಸಾಕು. ಬೂತಾಯಿ, ಕೊಲ್ಲತರುಗಳು ಪ್ಲವಕ ತಿಂದು ಬೆಳೆಯುವ ಅಲ್ಪಾಯುಷಿ ಮೀನುಗಳು. ಸರಪಳಿಯ ಕೆಳಗಿನ ಹಂತದಲ್ಲಿರುವುದರಿಂದ ಅವುಗಳಲ್ಲಿ ಪಾದರಸ ಬಹಳ ಕಡಿಮೆ, ಪೋಷಕಾಂಶ ಬಹಳ ಹೆಚ್ಚು. ಬಂಗುಡೆಯೂ ಹೆಚ್ಚು ಮೇಲೇರದ ಮೀನೇ. ಶಾರ್ಕ್, ಕತ್ತಿಮೀನು, ದೊಡ್ಡ ಟ್ಯೂನಾಗಳು ಬಹುಕಾಲ ಬದುಕಿ, ಮೀನನ್ನೇ ತಿಂದು ಬೆಳೆದವು. ಗರ್ಭಿಣಿಯರು, ಬಾಣಂತಿಯರು, ಎಳೆಯ ಮಕ್ಕಳು ಶಾರ್ಕ್, ಕತ್ತಿಮೀನುಗಳನ್ನು ಬಿಡಬೇಕೆಂದು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಸಲಹೆ ಕೊಡುತ್ತದೆ. ನಮ್ಮ ಅಂಜಲ್‌ನ ಕುಲಕ್ಕೆ ಸೇರಿದ ಕಿಂಗ್ ಮ್ಯಾಕರೆಲ್ ಕೂಡ ಆ ಪಟ್ಟಿಯಲ್ಲಿದೆ. ಕಡಿಮೆ ಬೆಲೆಯ ಬೂತಾಯಿಯೇ ಬಸುರಿ ಹೆಂಗಸಿಗೆ ಹೆಚ್ಚು ಒಳ್ಳೆಯದು. ಹಾಗೆಯೇ ಎದೆಹಾಲಿನ ವಿಷಯ ಓದಿ ಯಾವ ತಾಯಿಯೂ ಹೆದರಬೇಕಿಲ್ಲ. ಮಗುವಿಗೆ ಅದರಿಂದ ಸಿಗುವ ರಕ್ಷಣೆ ಬೇರೆ ಯಾವುದರಿಂದಲೂ ಸಿಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಈಗಲೂ ಮೊದಲ ಆರು ತಿಂಗಳು ಎದೆಹಾಲನ್ನೇ ಕೊಡಿ ಎನ್ನುತ್ತದೆ.

ಕೇಳಬೇಕಾದ ಪ್ರಶ್ನೆ

ಇಷ್ಟಾದರೂ ಇದನ್ನು ಅಡುಗೆಮನೆಯ ಎಚ್ಚರಿಕೆಗೆ ಬಿಟ್ಟುಬಿಡುವಂತಿಲ್ಲ. ಮೀನಿನೊಳಗಿನ ಪಾದರಸ ತೊಳೆದರೆ ಹೋಗುವುದಿಲ್ಲ, ಸೀಲ್‌ನ ಕೊಬ್ಬಿನ ಪಿಸಿಬಿಯನ್ನು ಯಾವ ತಾಯಿಯೂ ಸೋಸಲಾರಳು. ಒಮ್ಮೆ ಸರಪಳಿಗೆ ಇಳಿದ ಮೇಲೆ ವಿಷವನ್ನು ಹಿಂದಕ್ಕೆ ಕರೆಯುವ ಉಪಾಯವಿಲ್ಲ. ತಡೆಯಲು ಸಾಧ್ಯವಿರುವುದು ಮೊದಲ ಬಾಗಿಲಲ್ಲಿ, ಪರವಾನಗಿ ಕೊಡುವ ಮೇಜಿನ ಮುಂದೆ ಮಾತ್ರ. ಸ್ವೀಡನ್ ದೇಶ ದಶಕಗಳಿಂದ ತಾಯಂದಿರ ಹಾಲಿನ ಮಾದರಿಗಳನ್ನು ಪರೀಕ್ಷಿಸುತ್ತ ಬಂದಿದೆ. ಡಿಡಿಟಿ, ಪಿಸಿಬಿಗಳಿಗೆ ಬಾಗಿಲು ಹಾಕಿದ ಮೇಲೆ ಅವುಗಳ ಪ್ರಮಾಣ ಇಳಿಯುತ್ತಲೇ ಹೋದದ್ದು ಆ ದಾಖಲೆಯಲ್ಲಿದೆ. ಕಾನೂನು ಮಾಡಬಹುದಾದ ಕೆಲಸ ಇದು, ಮಾಡಿದಾಗ ಫಲ ಕೊಟ್ಟ ಕೆಲಸ.

ನಮ್ಮಲ್ಲಿ ಕೀಟನಾಶಕಗಳಿಗೆ ಪರವಾನಗಿ ಸಿಗುವುದು 1968ರ ಕಾಯ್ದೆಯ ಅಡಿಯಲ್ಲಿ. ಯಾವುದೇ ಹೊಸ ವಸ್ತು ಬಂದಾಗ ಅದು ತಕ್ಷಣ ಎಷ್ಟು ಕೊಲ್ಲುತ್ತದೆ ಎಂಬುದಕ್ಕಿರುವಷ್ಟೇ ತೂಕ, ಅದು ಎಷ್ಟು ವರ್ಷ ಉಳಿಯುತ್ತದೆ, ಯಾವ ಜೀವಿಯಲ್ಲಿ ಹೋಗಿ ಸೇರುತ್ತದೆ, ಹೊಟ್ಟೆಯೊಳಗಿನ ಮಗುವನ್ನು ಮುಟ್ಟುತ್ತದೆಯೇ ಎಂಬ ಪ್ರಶ್ನೆಗಳಿಗೂ ಇರಬೇಕು. ಉತ್ತರ ಗೊತ್ತಿಲ್ಲ ಎಂದಾದರೆ ಬಾಗಿಲು ತೆರೆಯಬಾರದು.

ನಮ್ಮೂರಿನ ಮಟ್ಟದಲ್ಲಿ ಕೇಳಬಹುದಾದದ್ದೂ ಇದೆ. ಕೆರೆಯ ನೀರಿನ ಗುಣಮಟ್ಟವನ್ನು ಮಾಲಿನ್ಯ ನಿಯಂತ್ರಣ ಮಂಡಳಿ ಅಳೆಯುತ್ತದೆ. ಅದೇ ಕೆರೆಯಲ್ಲಿ ಮೀನು ಹಿಡಿಯಲು ಗುತ್ತಿಗೆ ಕೊಡಲಾಗುತ್ತದೆ, ಆ ಮೀನು ನಮ್ಮ ಸಂತೆಗೇ ಬರುತ್ತದೆ. ನೀರಿನ ಜೊತೆಗೆ ಮೀನನ್ನೂ, ತಳದ ಕೆಸರನ್ನೂ ಪರೀಕ್ಷಿಸಿ, ಫಲಿತಾಂಶವನ್ನು ಜನಕ್ಕೆ ಅರ್ಥವಾಗುವ ಕನ್ನಡದಲ್ಲಿ ಪ್ರಕಟಿಸಿ ಎಂದು ಗ್ರಾಮಸಭೆಗಳು, ವಾರ್ಡ್ ಸಮಿತಿಗಳು ಪಟ್ಟುಹಿಡಿದು ಕೇಳಬೇಕು. ನೀರಿನ ವರದಿಯೊಂದನ್ನೇ ಮುಂದಿಟ್ಟು ‘ಕೆರೆ ಸುರಕ್ಷಿತ’ ಎಂದು ಯಾರಾದರೂ ಹೇಳಿದರೆ, ಅದು ಅರ್ಧ ಉತ್ತರ ಎಂದು ಗುರುತಿಸುವಷ್ಟು ತಿಳಿವಳಿಕೆ ಈಗ ನಮಗಿದೆ. ಉಳಿದರ್ಧವನ್ನು ಕೇಳಿ ಪಡೆಯುವುದು ನಮ್ಮ ಹಕ್ಕು, ಇನ್ನೂ ಹುಟ್ಟದವರ ಪರವಾಗಿ ನಮ್ಮ ಕರ್ತವ್ಯ.